ಹಸಿ ತೂಕ

ಹೊಲದ ಏಳನೇ ಮಡಿಯಿಂದ ಹೊರಬಂದಾಗ ನನ್ನ ಬಟ್ಟೆ ಮೊಣಕಾಲಿನ ತನಕ ನೆಂದಿತ್ತು. ಮೂರನೇ ಮಡಿಯಿಂದ ಬಂದಾಗ ಅದೇ ಬಟ್ಟೆ ಗರಿಗರಿ ಒಣಗಿತ್ತು. ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದ.

ಮಳೆ ಕಡಿಮೆಯ ಸೀಮೆಗೆ ಯಾವ ಮೇವಿನ ಸಜ್ಜೆ ಒಳ್ಳೆಯದು ಎಂದು ಪರೀಕ್ಷೆ ಮಾಡುವ ಸರ್ಕಾರಿ ಹೊಲ ಅದು. ಎಂಟು ಮಡಿ, ಎಂಟು ತಳಿ. ಕೊಯ್ಯುವವರು ನಾವು ಹತ್ತು ಜನ ಹೆಂಗಸರು. ಪ್ರತಿ ಮಡಿಯಲ್ಲೂ ಒಂದು ಸಾಲು ಕೊಯ್ದು ತೂಗಬೇಕು. ಗೆದ್ದ ಮಡಿಯ ಉಳಿದ ಸಾಲು ಬೀಜಕ್ಕೆ, ಸೋತದ್ದರ ಮೇಲೆ ಟ್ರ್ಯಾಕ್ಟರ್. ಮೂರನೇದು ನಮ್ಮತ್ತೆಯ ಬೀಜ. "ನೋಡಿ ವಾಪಸ್ ಕೊಡ್ತೀವಿ" ಎಂದು ಹೊಲದ ಉಸ್ತುವಾರಿ ಸಾಹೇಬರು ಡಬ್ಬಿಯ ತಳ ಕೆರೆದು ಒಯ್ದಿದ್ದರು. ಮನೆಯಲ್ಲಿ ಒಂದು ಕಾಳೂ ಉಳಿದಿಲ್ಲ. ಏಳನೇದು ಬೀಜದ ಕಂಪನಿಯದು.

ಸಾಹೇಬರ ಎಣಿಕೆ ಏಳನೇ ಮಡಿಯಿಂದ ಶುರುವಾಯಿತು. ಇಬ್ಬನಿ ಆರುವ ಮುಂಚೆ ಅದು ತೂಕಕ್ಕೆ ಹೋಯಿತು. ಮೂರನ್ನು ನೆತ್ತಿಬಿಸಿಲಲ್ಲಿ ಕೊಯ್ಯಿಸಿದರು. ಹೊರೆ ಬಾಡುತ್ತಿದ್ದಾಗ ಅವರಿಗೆ ಚಹಾ ನೆನಪಾಯಿತು.

ಸಂಜೆ ಗುಮಾಸ್ತ ಕಾಗದ ಓದಿದ. "ಹಸಿ ತೂಕ. ಏಳು ಮೊದಲು, ಮೂರು ಕೊನೆ. ಎಲ್ಲಾನೂ ಒಂದೇ ಹೊತ್ತಲ್ಲಿ ಕೊಯ್ದಿದ್ದು ನಿಜ ಅಂತ ಹೆಬ್ಬೆಟ್ಟು ಒತ್ತಿ."

ಅತ್ತೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ಇದು ಹಸಿ ತೂಕ ಅಲ್ಲಪ್ಪ. ಹಸಿ ಸುಳ್ಳು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಓದು ಬರದೋರು ನಂಗೆ ವಿಜ್ಞಾನ ಹೇಳ್ಬೇಡಿ" ಎಂದರು ಸಾಹೇಬರು.

"ಓದು ಬರಲ್ಲ, ಸ್ವಾಮಿ. ನೆಂದ ಬಟ್ಟೆ ಭಾರ ಅನ್ನೋದು ಒಗೆಯೋರಿಗೆಲ್ಲ ಗೊತ್ತು. ಒಣಗಿಸಿ ತೂಗಿ."

"ಅದಕ್ಕೆ ವಾರ ಬೇಕು. ನಾಳೆ ಟ್ರ್ಯಾಕ್ಟರ್ ಬರುತ್ತೆ."

"ಬರ್ಲಿ. ನಾವೂ ಬರ್ತೀವಿ."

ಆಗಲೇ ನಾನು ಹೊಲದ ಶೆಡ್ಡಿನ ತೊಲೆಗೆ ಒಂದು ಬಿದಿರಿನ ಗಳವನ್ನು ನಡುವಿಗೆ ಹಗ್ಗ ಕಟ್ಟಿ ತೂಗುಹಾಕಿದೆ. ಒಂದು ತುದಿಗೆ ಏಳರ ಹೊರೆ, ಇನ್ನೊಂದಕ್ಕೆ ಮೂರರದು. ಗಳ ಏಳರ ಕಡೆ ವಾಲಿತು.

"ನೋಡಿದ್ರಾ?" ಗುಮಾಸ್ತ ಹಲ್ಲು ಬಿಟ್ಟ.

"ನೋಡ್ತಾನೇ ಇರ್ತೀವಿ" ಎಂದಳು ಅತ್ತೆ.

ಮರುದಿನದಿಂದ ಐದು ಜನ ಕುಡುಗೋಲು ಮಡಿಲಲ್ಲಿಟ್ಟುಕೊಂಡು ಮೂರನೇ ಮಡಿಯಲ್ಲಿ ಕೂತರು. ಉಳಿದ ಐದು ಜನ ಆ ರಾತ್ರಿಯೇ ಶೆಡ್ಡಿನ ಬಾಗಿಲು ಹಿಡಿದಿದ್ದರು, ಯಾರೂ ಹೊರೆಗೆ ನೀರು ಚಿಮುಕಿಸದ ಹಾಗೆ. ನಮ್ಮನ್ನೂ ನಾವು ನಂಬಲಿಲ್ಲ. ಯಾರೂ ಒಬ್ಬರೇ ಒಳಗೆ ಹೋಗುವಂತಿರಲಿಲ್ಲ. ಟ್ರ್ಯಾಕ್ಟರಿನವನು ಬದುವಿನ ಹತ್ತಿರ ಬಂದು ನಮ್ಮನ್ನು ನೋಡಿದ. ಇಂಜಿನ್ ಆರಿಸಿ ಕೀಲಿ ಜೇಬಿಗಿಳಿಸಿದ. "ನಂಗೆ ಹುಲ್ಲು ಹೊಡಿ ಅಂದಿದ್ರು. ಅಕ್ಕಂದಿರನ್ನ ಹೊಡಿ ಅಂದಿರ್ಲಿಲ್ಲ."

ಮೂರನೇ ದಿನ ಏಳರ ತುದಿ ಒಂದು ಗೇಣು ಮೇಲೆದ್ದಿತು. ಐದನೇ ದಿನ ಗಳ ಮಟ್ಟವಾಯಿತು. ಆಮೇಲೆ ಸಾಹೇಬರು ದಿನಕ್ಕೆರಡು ಸಲ ಬಂದು ಹಗ್ಗದ ಗಂಟು ನೋಡತೊಡಗಿದರು.

ಎಂಟನೇ ದಿನ ಎಲ್ಲರೂ ಒಟ್ಟಿಗೆ ಬಾಗಿಲು ತೆರೆದೆವು. ಮೂರರ ಹೊರೆ ನೆಲ ಮುಟ್ಟಿತ್ತು. ಏಳರದು ಮೇಲೆ, ಹಗುರಾಗಿ ತೂಗುತ್ತಿತ್ತು.

ಸಾಹೇಬರು ಕತ್ತು ಓರೆ ಮಾಡಿ ಗಳ ನೋಡಿದರು. "ಗಳ ಸೊಟ್ಟಗಿದೆ."

"ಹಂಗಾದ್ರೆ ಹೊರೆ ಅದಲು ಬದಲು ಮಾಡಿ ಕಟ್ಟಿ, ಸ್ವಾಮಿ" ಎಂದಳು ಅತ್ತೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟು. "ನೀವೇ ಕಟ್ಟಿ. ನಿಮ್ಮ ಕೈಯಾರೆ."

ಹತ್ತು ಜನ ಕಾದೆವು. ಸಾಹೇಬರ ಕೈ ಜೇಬಿನಿಂದ ಹೊರಗೆ ಬರಲಿಲ್ಲ.