ಬರೀ ತೋಳು

ಬುರುಲ್ಕಾನ್ ಪಕ್ಕದ ಮನೆಯವಳು. ನನಗಿಂತ ದೊಡ್ಡವಳಾದ್ದರಿಂದ ಎಜೆ, ಅಂದರೆ ಅಕ್ಕ, ಎಂದು ಕರೆದೇ ನನಗೆ ರೂಢಿ. ಹತ್ತೊಂಬತ್ತು ವರ್ಷ ಬಿಷ್ಕೆಕ್‌ನ ಒಂದು ನೆಲಮಾಳಿಗೆಯಲ್ಲಿ ಕೋಟು ಹೊಲಿದಳು. ಮಾಲೀಕ ಒಂದು ದಿನ ಬೀಗ ಜಡಿದು ಹೋದ. ಇಲ್ಲಿ ಕೆಲಸ ಸಿಗದಿದ್ದರೆ ಹೊಲಿಯಲು ಮಾಸ್ಕೋಗೇ ಹೋಗಬೇಕು. ಹಾಸಿಗೆ ಹಿಡಿದ ತಾಯಿಯನ್ನು ಯಾರ ಕೈಗೊಪ್ಪಿಸುವುದು?

ಊರಾಚೆಯ ಹೊಸ ಫ್ಯಾಕ್ಟರಿಯವರು ಬಯೋಡೇಟಾ ಕೇಳಿದ್ದರು. ನಮ್ಮ ಹೊಲಿಗೆಯವರಿಗೆ ಅಂಥದ್ದು ಗೊತ್ತೇ ಇಲ್ಲ. ಮಿಷನ್ ಮುಂದೆ ಕೂರಿಸಿ, ಕೈ ನೋಡಿ, ನಾಳೆ ಬಾ ಅನ್ನುವುದಷ್ಟೇ ಇಲ್ಲಿನ ಕ್ರಮ. ನಾನು ಶಾಲೆಯ ಕಚೇರಿಯಲ್ಲಿ ಟೈಪ್ ಮಾಡುವವಳು ಎಂದು ಎಜೆ ಬಿಸಿ ರೊಟ್ಟಿ ಕಟ್ಟಿಕೊಂಡು ಅದನ್ನು ಬರೆಸಲು ನನ್ನ ಬಳಿ ಬಂದಳು.

“ಏನೇನು ಹೊಲೀತೀಯ ಎಜೆ, ಹೇಳು.”

“ತೋಳು.”

“ಮತ್ತೆ?”

“ಬರೀ ತೋಳು ಕಣೆ. ಕಾಲರ್ ಒಬ್ಳು, ಜೇಬು ಇನ್ನೊಬ್ಳು. ನನ್ನ ಪಾಲಿಗೆ ಬರ್ತಿದ್ದದ್ದು ತೋಳೊಂದೇ.”

ನಾನು ನಕ್ಕುಬಿಟ್ಟೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

“ಹತ್ತೊಂಬತ್ತು ವರ್ಷ ಬರೀ ತೋಳಾ? ಯಾರ ಮುಂದೂ ಬಾಯಿ ಬಿಡ್ಬೇಡ ಮಾರಾಯ್ತಿ, ನಗ್ತಾರೆ!”

ಅವಳ ಮುಖ ಸಣ್ಣದಾಯಿತು. “ಹಂಗಾದ್ರೆ ನಿಂಗೆ ತೋಚಿದ್ದು ಬರಿ. ಓದಿದವಳು ನೀನು.”

ಓದಿದವಳು ಬರೆದೆ. ಬಟ್ಟೆ ಕತ್ತರಿಸುವುದರಿಂದ ಗುಂಡಿ ಹಾಕುವವರೆಗೆ ಇಡೀ ಕೋಟನ್ನು ಒಬ್ಬಳೇ ಹೊಲಿಯಬಲ್ಲಳು ಎಂದು ಬರೆದೆ. ಕೆಳಗೆ ಅವಳ ಸಹಿ ಹಾಕಿಸಿದೆ.

ಎರಡೇ ದಿನಕ್ಕೆ ಕರೆ ಬಂತು. ನಾನೂ ಜೊತೆಗೆ ಹೋದೆ. ಮೇಲ್ವಿಚಾರಕಿ ದಾಮಿರಾ ಮೇಜಿನ ಮೇಲೆ ಬಟ್ಟೆ ಹಾಸಿ, “ಕಾಗದದಲ್ಲಿ ಬರ್ದಿದೀರಲ್ಲ, ಒಂದು ಕೋಟು ಕತ್ತರಿಸಿ ತೋರ್ಸಿ” ಎಂದಳು.

ಎಜೆ ಕತ್ತರಿ ಎತ್ತಿದಳು, ಮತ್ತೆ ಕೆಳಗಿಟ್ಟಳು. “ನಂಗೆ ತೋಳು ಮಾತ್ರ ಬರೋದು” ಎಂದಳು, ನೆಲ ನೋಡುತ್ತ.

ದಾಮಿರಾ ಅರ್ಧ ಹೊಲಿದ ಕೋಟೊಂದನ್ನು ತಂದು ಮುಂದಿಟ್ಟಳು. ಹತ್ತು ನಿಮಿಷದಲ್ಲಿ ಎರಡೂ ತೋಳು ಕೂತವು, ಎಲ್ಲೂ ಒಂದು ಸುಕ್ಕಿಲ್ಲ. ದಾಮಿರಾ ಅದನ್ನು ಒಳಹೊರಗು ಮಾಡಿ ನೋಡಿದಳು.

“ತೋಳು ಕೂರಿಸೋರು ಸಿಗ್ದೆ ತಿಂಗಳಿಂದ ಒದ್ದಾಡ್ತಿದೀನಿ. ಇಷ್ಟೇ ಬರ್ದಿದ್ರೆ ಇವತ್ತೇ ತಗೋತಿದ್ದೆ. ಈಗ ಮೇಲಿನವ್ರು ಈ ಕಾಗದ ಓದಾಗಿದೆ. ಸುಳ್ಳು ಬರೆದವ್ರು ಬೇಡ ಅಂತಾರೆ.”

“ಬರ್ದದ್ದು ನಾನು!” ಎಂದೆ.

“ಸಹಿ ಇವ್ರದ್ದಲ್ವಾ?”

ವಾಪಸು ಬರುವ ಮಿನಿಬಸ್ಸಿನಲ್ಲಿ ಅರ್ಧ ದಾರಿ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. “ಬೈದುಬಿಡು ಎಜೆ” ಎಂದೆ.

“ಬೈದು ಏನಾಗ್ಬೇಕು? ಹತ್ತೊಂಬತ್ತು ವರ್ಷ ತೋಳು ಹೊಲ್ದೆ ಚಿನಾರಾ, ಒಂದು ದಿನಾನೂ ನಾಚಿಕೆ ಆಗಿರ್ಲಿಲ್ಲ. ಮೊನ್ನೆ ನಿನ್ನೆದುರು ಕೂತಾಗ ಆಯ್ತು.” ಕಿಟಕಿಯಾಚೆ ನೋಡುತ್ತಲೇ ಸೇರಿಸಿದಳು, “ನಾನು ಮಾಸ್ಕೋಗೆ ಹೋದ್ಮೇಲೆ ಅಮ್ಮನ ಬಾಯಿಗೆ ಹೊತ್ತಿಗೆ ಎರಡು ಗುಟುಕು ಚಹಾ ಹಾಕು. ಅಷ್ಟು ಮಾಡು.”