ತೀನ್ ನಂಬರ್ ಲಿಫ್ಟು

ಧಬ್, ಧಬ್, ಮತ್ತೆ ಧಬ್ — ಹಾಡು ಇನ್ನೂ ಶುರುವಾಗಿಲ್ಲ, ಡ್ರಮ್ಮಿನವನು ಸುಮ್ಮನೆ ಬಡಿದು ನೋಡುತ್ತಿದ್ದಾನೆ, ಆದರೆ ಆ ಪೆಟ್ಟು ನೆಲದೊಳಗಿಂದ ಹಾದು ಕುರ್ಚಿಯ ಕಾಲು ಹತ್ತಿ ಶಾರದಾಬಾಯಿಯ ಎದೆಗೇ ಬಂದು ಬೀಳುತ್ತದೆ, ಹೀಗೇ ಬಡಿದಿದ್ದರು, ಅವತ್ತು ಬೆಳಿಗ್ಗೆ, ಇದೇ ಕಟ್ಟಡಗಳ ನಡುವಿನ ನಡೆದಾಡುವ ಹಾದಿಯ ಮೇಲೆ, ಅಂಗೈ ಮೇಲೆ ಅಂಗೈ ಇಟ್ಟು ಗಂಡನ ಎದೆಯ ಮೇಲೆ ಧಬ್ ಧಬ್ ಎಂದು, ಅಂಗಿಯ ಗುಂಡಿ ಕಿತ್ತು ಹುಲ್ಲಿನಲ್ಲಿ ಬಿದ್ದಿತ್ತು, ಗೇಟಿನವನು ಇಂಟರ್‌ಕಾಮಿನಲ್ಲಿ ಹೇಳಿದ್ದು ಇಷ್ಟೇ, ಅಮ್ಮಾ, ಸಾರ್ ಪಡಿಪೋಯಾರು, ಬಿದ್ದಾರಂದ್ರ ಎಬ್ಬಿಸಿದರಾತು ಎಂದುಕೊಂಡು ಆಕೆ ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟು, ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಇಳಿದು ಹೋದಳು, ದೂರದಿಂದ ಆ ಸಪ್ಪಳ ಕೇಳುತ್ತಿತ್ತು, ಹತ್ತಿರ ಹೋಗುವಷ್ಟರಲ್ಲಿ ನಿಂತಿತು. ಲಿಂಗಣ್ಣನವರು ಹೋದರು ಎಂದು ಆಕೆಗೆ ಯಾರೂ ಹೇಳಲಿಲ್ಲ, ಸಪ್ಪಳ ನಿಂತದ್ದೇ ಹೇಳಿತು, ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿ ಆಂಟಿ ಪ್ಲೀಸ್ ಸಿಟ್ ಎಂದಳು, ಎಲ್ಲಿ ಕುಂಡ್ರಲೇ ತಾಯಿ, ಅವರು ಮಲಗಿರುವಾಗ ನಾ ಎಲ್ಲಿ ಕುಂಡ್ರಲಿ. ಈಗ ಕೂತಿದ್ದಾಳೆ ನೋಡು, ಕ್ಲಬ್‌ಹೌಸಿನ ಎರಡನೇ ಸಾಲಿನಲ್ಲಿ, ವಾರ್ಷಿಕೋತ್ಸವವಂತೆ, ಕಡ್ಡಿಗೆ ಚುಚ್ಚಿದ ಪನೀರು ತಟ್ಟೆ ತಟ್ಟೆ ತಿರುಗುತ್ತಿದೆ, ಅತ್ತರಿನ ವಾಸನೆಗೆ ತಲೆ ಸಿಡಿಯುತ್ತದೆ, ಎದುರಿಗೆ ಸ್ಟೇಜಿನ ಮೇಲೆ ಗಿಟಾರಿನ ತಂತಿ ಬಿಗಿಯುತ್ತಿರುವ ಮೊಮ್ಮಗಳು ತೇಜಸ್ವಿನಿ, ಮೊಣಕಾಲಲ್ಲಿ ಹರಿದ ಪ್ಯಾಂಟು, ಹಣೆಯ ಮೇಲೆ ಮಾತ್ರ ಅಚ್ಚುಕಟ್ಟಾಗಿ ಮೂರೆಳೆ ವಿಭೂತಿ, ಅದು ಭಕ್ತಿಗೋ ವೇಷಕ್ಕೋ ಆ ಶಿವನೇ ಬಲ್ಲ.

ಸೊಸೆ ಸುಹಾಸಿನಿ ಕಿವಿಯಲ್ಲಿ ಹೇಳುತ್ತಾಳೆ, ಅತ್ತಿಯವರ, ಸಪ್ಪಳ ಭಾಳ ಆಗ್ತದ, ಮ್ಯಾಲೆ ಹೋಗೂಣೇನ್ರಿ, ಹೋಗಬಹುದು, ಯಾವ ಲಿಫ್ಟಿನಿಂದ ಹೋಗೂಣವ್ವಾ ಎಂದು ಕೇಳಿದರೆ ಮೋರೆ ಆಕಡೆ ತಿರುಗಿಸುತ್ತಾಳೆ, ಎಲ್ಲರೂ ತಿರುಗಿಸುತ್ತಾರೆ, ಅವತ್ತಿನಿಂದ ಶಾರದಾಬಾಯಿ ಕನ್ನಡಿ ಇರುವ ಆ ಎರಡು ಲಿಫ್ಟುಗಳಿಗೆ ಕಾಲಿಟ್ಟಿಲ್ಲ, ಮೂರನೆಯದರಲ್ಲೇ ಇಳಿಯುತ್ತಾಳೆ, ಮೂರನೆಯದರಲ್ಲೇ ಏರುತ್ತಾಳೆ, ಕಸದ ಡಬ್ಬಿಗಳ ಜೊತೆ, ಗ್ಯಾಸಿನ ಸಿಲಿಂಡರಿನ ಜೊತೆ, ಭಾಂಡೆ ತಿಕ್ಕುವ ಅಂಬವ್ವನ ಜೊತೆ, ಆಂಟೀ ಅದು ಸರ್ವಿಸ್ ಲಿಫ್ಟು, ಇದರಾಗ ಬರ್ರಿ ಎಂದು ಕರೆದವರಿಗೆ ಆಕೆಯದು ಒಂದೇ ಉತ್ತರ, ನಮ್ಮ ಮನಿಯವರು ಹೋದ ದಾರಿ ಇದು, ನಾ ಬ್ಯಾರೆ ದಾರಿ ಯಾಕ ಹಿಡೀಲಿ. ಮಗ ಮಿಲಿಂದನಿಗೆ ಇದರಿಂದ ಮೈಯೆಲ್ಲ ಮುಳ್ಳು, ಅವ್ವಾ, ಮಂದಿ ನಗ್ತಾರ, ನಾ ಕಮಿಟಿಯಾಗ ಇದ್ದೀನಿ, ನಗಲಿ ಬಿಡೋ, ಕಮಿಟಿಯವನೇ, ನಿನ್ನ ಸಹಿ ಇರುವ ಕಾಗದ ಆ ಲಿಫ್ಟಿನ ಗೋಡೆಯ ಮೇಲೆ ಅಂಟಿಸಿದ್ದಾರಲ್ಲ, ಸಾಮಾನು, ಕಸ, ಸಾಕುಪ್ರಾಣಿ, ಮನೆಗೆಲಸದವರು, ಮೃತದೇಹ ಇದರಲ್ಲಿ ಮಾತ್ರ — ಒಂದೇ ಉಸಿರಿನಲ್ಲಿ, ಸೋಫಾದ ಹಿಂದೆ ನಾಯಿ, ನಾಯಿಯ ಹಿಂದೆ ಅಂಬವ್ವ, ಅಂಬವ್ವನ ಹಿಂದೆ ನಿಮ್ಮಪ್ಪ. ತಾರ್ನಾಕದ ಹಳೇ ಮನೆಯಲ್ಲಿ ಇದ್ದಾಗ ಎದುರು ಮನೆಯ ಮುದುಕಿ ತೀರಿಕೊಂಡಳು, ಯಾವ ಜಾತಿ ಯಾವ ಊರು ಯಾರು ಕೇಳಿದರು, ಲಿಂಗಣ್ಣನವರು ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಬೂಟು ಸಹ ಬಿಚ್ಚದೆ ಹೆಗಲು ಕೊಟ್ಟಿದ್ದರು, ಆ ಹೆಗಲು, ಅದಕ್ಕೆ ಇಲ್ಲಿ ಹೆಗಲೂ ಸಿಗಲಿಲ್ಲ, ದಾರಿಯೂ ಸಿಗಲಿಲ್ಲ, ಅಕ್ಕಪಕ್ಕದವರು ಬಾಗಿಲ ಸಂದಿಯಿಂದ ನೋಡಿ ಬಾಗಿಲು ಹಾಕಿಕೊಂಡರು.

ಹಾದಿಯಿಂದ ಎತ್ತಿ ಮನೆಗೆ ತಂದು ಮಲಗಿಸಿದ ಮೇಲೆ, ಸೆಕ್ರೆಟರಿ ಎಂಬ ಆ ಮನುಷ್ಯ ಪಡಸಾಲೆಯ ತನಕ ಬಂದು ಕೈಮುಗಿದು ಹೇಳಿದ್ದ, ಚೂಡಂಡಿ, ಸೆಂಟಿಮೆಂಟ್ ಅರ್ಥಂ ಅವುತುಂದಿ, ಕಾನೀ ರೂಲ್ ರೂಲೇ ಕದಾ, ಬಾಡಿ ತೀನ್ ನಂಬರಿನಲ್ಲೇ ಇಳಿಯಬೇಕು, ಮಕ್ಕಳು ಹೆದರತಾರೆ, ಮಿಲಿಂದ ಕಣ್ಣೊರೆಸಿಕೊಂಡು ಹೇಳಿದ್ದು ಎರಡೇ ಮಾತು, ನೋ ಪ್ರಾಬ್ಲಮ್ — ಅಪ್ಪನ ಹೆಣ ಒಳಗೆ, ಮಗ ಬಾಗಿಲಲ್ಲಿ ನೋ ಪ್ರಾಬ್ಲಮ್. ಐನೋರು ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇರಿಸಿ, ಕುಂಡ್ರಿಸಿ ಒಯ್ಯಬೇಕ್ರಿ, ನಮ್ಮ ಲಿಂಗವಂತರಾಗ ಮಲಗಿಸಿ ಒಯ್ಯೂದಿಲ್ಲ, ಕೈ ಇರೋ ಗಟ್ಟಿ ಕುರ್ಚಿ ತರ್ರಿ ಎಂದರು, ಕೈ ಇರುವ ಗಟ್ಟಿ ಕುರ್ಚಿ ಎಲ್ಲಿಂದ ಬಂತು, ಇದೇ ಕ್ಲಬ್‌ಹೌಸಿನಿಂದ, ಮುಖ್ಯ ಅತಿಥಿಗಳು ಕೂಡುವ ಕೆಂಪು ಮಖಮಲ್ಲಿನ, ಬಂಗಾರದ ಬಣ್ಣ ಬಳಿದ ಕುರ್ಚಿ, ಅದರಲ್ಲಿ ಅವರನ್ನು ಕುಳ್ಳಿರಿಸಿ ಎದೆಗೆ ಶಲ್ಯ ಬಿಗಿದು, ತಲೆಗೆ ರುಮಾಲು ಸುತ್ತಿ, ಮಾಲೆ ಹಾಕಿದರೆ — ಎಷ್ಟು ಚೆಂದ ಕಾಣುತ್ತಿದ್ದರು, ಮದುವೆಯ ದಿನ ಹುಮನಾಬಾದಿನಲ್ಲಿ ಹೀಗೇ ಕಣ್ಣು ಮುಚ್ಚಿ ಕೂತಿದ್ದರು, ನಿದ್ದಿ ಬಂದಿತ್ತೇ ಶಾರದಾ ಎಂದು ಆಮೇಲೆ ನಕ್ಕಿದ್ದರು. ಊದಿನಕಡ್ಡಿಯ ಕಿಡಿ ಕುರ್ಚಿಯ ಎಡಗೈಯ ಮಖಮಲ್ಲಿನ ಮೇಲೆ ಬಿದ್ದು ತೂತಾಯಿತು. ಹನ್ನೊಂದನೇ ಅಂತಸ್ತಿನಿಂದ ಇಳಿದರು, ತೀನ್ ನಂಬರ್ ಲಿಫ್ಟು, ಒಳಗೆ ಐನೋರು, ಮಿಲಿಂದ, ಕುರ್ಚಿಯ ಬಲಗೈ ಹಿಡಿದ ತೇಜಸ್ವಿನಿ, ಎಡಗೈ ಹಿಡಿದ ತಾನು, ಐದನೆಯದಕ್ಕೆ ಟಿಂಗ್ ಎಂದು ನಿಂತಿತು, ಬಾಗಿಲು ತೆರೆಯಿತು, ಕಿವಿಯಲ್ಲಿ ಹಾಡು ತುರುಕಿಕೊಂಡ ಹುಡುಗಿಯೊಬ್ಬಳು, ಕೈಯಲ್ಲಿ ನಾಯಿಯ ಹಗ್ಗ, ಮಾಲೆ ಕಂಡಳು, ರುಮಾಲು ಕಂಡಳು, ಹೆಬ್ಬೆರಳು ಎತ್ತಿದಳು, ವಾವ್ ಅಂಕಲ್, ಕಂಗ್ರಾಟ್ಸ್.

ನಾಯಿಗೆ ತಿಳಿಯಿತು. ನಾಯಿ ಹಿಂದಕ್ಕೆ ಸರಿದು ಕುಂಯ್ ಎಂದಿತು, ಹುಡುಗಿಗೆ ತಿಳಿಯಲಿಲ್ಲ, ನಾಯಿಯನ್ನು ಜಗ್ಗಿದಳು, ಹಗ್ಗ ಬಾಗಿಲಿಗೆ ಅಡ್ಡ, ಬಾಗಿಲು ಮುಚ್ಚಬಂದು ಹಗ್ಗ ತಾಗಿ ತೆರೆಯಿತು, ಟಿಂಗ್, ಮುಚ್ಚಬಂತು, ತೆರೆಯಿತು, ಟಿಂಗ್, ಅಷ್ಟು ಹೊತ್ತೂ ಅವರು ಕೂತಿದ್ದರು, ಯಾರದೋ ಮನೆಯ ಚಪ್ಪಲಿ ಸ್ಟ್ಯಾಂಡಿಗೆ ಎದುರಾಗಿ, ನೋಡಿದವರಿಗೆಲ್ಲ ನೋಡುವ ವಸ್ತುವಾಗಿ. ಆ ಬಾಗಿಲು ಆಮೇಲೆ ಮುಚ್ಚಿತು, ಸಮಾಧಿಯೂ ಆಯಿತು, ಮಣ್ಣು, ಉಪ್ಪು, ಬಿಲ್ವಪತ್ರಿ ಎಲ್ಲ ಹಾಕಿದರು, ಲಿಂಗದೊಳಗೆ ಒಂದಾದರು ಎಂದು ಐನೋರು ಹೇಳಿದರು, ಆಕೆ ನಂಬಿದ್ದಾಳೆ, ಬುದ್ಧಿ ಬಂದಾಗಿನಿಂದ ನಂಬಿದ್ದಾಳೆ, ಆದರೆ ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಹಿಡಿದರೆ ಸಾಕು, ಟಿಂಗ್, ಅವರು ಇನ್ನೂ ಐದನೇ ಅಂತಸ್ತಿನಲ್ಲೇ ಕೂತಿದ್ದಾರೆ, ಬಾಗಿಲು ತೆರೆದೇ ಇದೆ.

ಅದನ್ನೇ ಈ ಮೊಮ್ಮಗಳು ಹಾಡು ಮಾಡಿದ್ದಾಳೆ. ಮನೆಯಲ್ಲಿ ಮೊದಲ ಸಲ ಕೇಳಿದಾಗ ಶಾರದಾಬಾಯಿ ಕೈಯಲ್ಲಿದ್ದ ಚಂಬು ನೆಲಕ್ಕೆ ಕುಕ್ಕಿದ್ದಳು, ಮುತ್ಯಾನ ಸಾವಿನ ಮ್ಯಾಲೆ ಹಾಡು ಕಟ್ಟಿ ಕುಣೀತಿಯೇನ ಹಾದರಗಿತ್ತಿ, ತೇಜಸ್ವಿನಿ ಕಾಲ ಬಳಿ ಕೂತು ಹೇಳಿದಳು, ಆಯಿ, ಕುಣಿಯೂದು ನಾ ಅಲ್ಲ, ಅವರು, ಅವರು ಕುಣೀಲಿ, ಕುಣಿದ ಮ್ಯಾಲೆ ತಿಳೀತದ ಅವರಿಗೆ, ನಾ ಮುತ್ಯಾನ ಕುರ್ಚಿ ಹಿಡಕೊಂಡಿದ್ದೆ ಆಯಿ, ನನ್ನ ಕೈ ಇನ್ನಾ ಬಿಟ್ಟಿಲ್ಲ ಅದನ್ನ, ನೀ ಒಂದು ಮಾಡು, ಕಡೀ ಚರಣಕ್ಕಿಂತ ಮೊದಲ ನಿನ್ನ ಕಡೆ ನೋಡ್ತೀನಿ, ಬ್ಯಾಡ ಅನಿಸಿದ್ರ ತಲಿ ಮ್ಯಾಲೆ ಸೆರಗು ಹೊತ್ತಗೋ, ಅಲ್ಲಿಗೇ ನಿಲ್ಲಸ್ತೀನಿ, ದೇವರ ಆಣಿ. ಅದಕ್ಕೇ ಬಂದು ಕೂತಿದ್ದಾಳೆ, ಪನೀರು ತಿನ್ನಲಿಕ್ಕಲ್ಲ. ಹಾಡು ಶುರುವಾಯಿತು, ಕಿವಿ ಕಿತ್ತುಹೋಗುವಂತೆ ಗಿಟಾರು, ಸೋಫಾ ಆಯಾ, ತೀನ್ ನಂಬರ್ ಸೇ ಜಾವ್, ಕಚ್ರಾ ಆಯಾ, ತೀನ್ ನಂಬರ್ ಸೇ ಜಾವ್, ಕುತ್ತಾ ಆಯಾ, ಕಾಮ್‌ವಾಲೀ ಆಯೀ, ತೀನ್ ನಂಬರ್ ಸೇ ಜಾವ್ — ಮಿಲಿಂದ ಸ್ಟೇಜಿನ ಬದಿಗೆ ಕಲ್ಲಾಗಿ ನಿಂತ, ಮಂದಿ ನಕ್ಕರು, ಹೋ ಎಂದರು, ಎದ್ದು ಕುಣಿದರು, ಅಯ್ಯೋ ಇವರಿಗೆ ತಾಗುವುದೇ ಇಲ್ಲವೇ, ಬೈಗುಳವನ್ನೂ ಐಸ್‌ಕ್ರೀಮಿನ ಹಾಗೆ ಚೀಪುತ್ತಾರಲ್ಲ, ತಮ್ಮದೇ ಕಟ್ಟಡ, ತಮ್ಮದೇ ಕಾಗದ, ಆದರೂ ಇದು ಪಕ್ಕದ ಕಟ್ಟಡದವರ ಹಾಡು ಎಂಬಂತೆ ಮೊಬೈಲು ಎತ್ತಿ ಹಿಡಿದಿದ್ದಾರೆ, ಮತ್ತು ಸ್ಟೇಜಿನ ಬಲಕ್ಕೆ, ಮುಖ್ಯ ಅತಿಥಿಯಾಗಿ, ಸೆಕ್ರೆಟರಿ, ಸೂಪರ್ ಸೂಪರ್ ಎಂದು ಕಾಲು ಕುಣಿಸುತ್ತ — ಕೆಂಪು ಮಖಮಲ್ಲು, ಬಂಗಾರದ ಬಣ್ಣ, ಅದೇ ಕುರ್ಚಿ, ಅದರ ಎಡಗೈಯ ಮೇಲೆ ಅವನ ಬೆರಳು ಏನನ್ನೋ ಕೆದಕುತ್ತಿದೆ, ತೂತು, ಊದಿನಕಡ್ಡಿಯ ತೂತು, ಅದರೊಳಗೆ ಬೆರಳು ತೂರಿಸಿ ತಾಳ ಹಾಕುತ್ತಿದ್ದಾನೆ. ಹೆಣಕ್ಕೆ ಲಿಫ್ಟು ಬ್ಯಾರೆ, ಕುರ್ಚಿ ಮಾತ್ರ ಒಂದೇ ಏನೋ, ಒರೆಸಿ ಇಟ್ಟರೆ ಮುಗೀತೇನೋ ಪುಣ್ಯಾತ್ಮ.

ಡ್ರಮ್ಮು ನಿಂತಿತು, ಅವತ್ತಿನ ಹಾಗೆಯೇ, ಒಮ್ಮೆಲೇ, ತೇಜಸ್ವಿನಿ ಈ ಕಡೆ ನೋಡುತ್ತಿದ್ದಾಳೆ, ಶಾರದಾಬಾಯಿಯ ಕೈ ಸೆರಗಿನ ಮೇಲಿದೆ, ಹೊತ್ತುಕೊಂಡರೆ ಅವರು ಈ ಸಾವಿರ ಕಣ್ಣುಗಳಿಂದ ಉಳಿದರು, ಸುಖವಾಗಿ ಉಳಿದರು, ಇವರೂ ಸುಖವಾಗಿ ಉಳಿದರು, ಪನೀರಿಗೆ ಮರಳಿದರು, ಹೊತ್ತುಕೊಳ್ಳದಿದ್ದರೆ ಮತ್ತೆ ಅದೇ ಬಾಗಿಲು, ಎಲ್ಲರೆದುರು, ನಾನೇ ತೆರೆದ ಹಾಗೆ, ರೀ, ಏನು ಮಾಡಲಿ ಹೇಳ್ರಿ, ಒಂದು ಸಲವಾದರೂ ಹೇಳ್ರಿ — ನಿಮ್ಮನ್ನ ನೋಡಿಯೂ ನೋಡದ ಮಂದಿ ಇದು, ಬಾಗಿಲ ಸಂದಿಯಿಂದ ನೋಡಿದ ಮಂದಿ, ಒಮ್ಮೆ ಪೂರಾ ನೋಡಲಿ. ಸೆರಗನ್ನು ಹೆಗಲಿನಿಂದ ಜಗ್ಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತೇಜಸ್ವಿನಿ ಮೈಕು ಹಿಡಿದು ಹಾಡದೆ, ಬರೀ ಮಾತಿನಲ್ಲಿ, ಕನ್ನಡದಲ್ಲಿ ಒಮ್ಮೆ, ಅವರ ಹಿಂದಿಯಲ್ಲಿ ಒಮ್ಮೆ ಹೇಳಿದಳು, ನಮ್ಮ ಮುತ್ಯಾ ಕೆಂಪು ಕುರ್ಚಿಯಾಗ ಕುಂತು ತೀನ್ ನಂಬರಿನಾಗ ಇಳಿದ, ಐದನೇ ಮಾಳಿಗಿಗೆ ಒಬ್ಬರು ಅವನಿಗೆ ಕಂಗ್ರಾಟ್ಸ್ ಅಂದ್ರು, ಆತ ಉತ್ತರ ಕೊಡಲಿಲ್ಲ, ಸಿಟ್ಟಿಗಲ್ಲರಿ, ಸತ್ತಿದ್ದ. ನಗಲು ತೆರೆದ ಬಾಯಿಗಳು ತೆರೆದೇ ಇವೆ, ಮಖಮಲ್ಲಿನ ತೂತಿನಿಂದ ಒಂದು ಬೆರಳು ಮೆಲ್ಲಗೆ ಹೊರಗೆ ಬಂತು, ಸೆಕ್ರೆಟರಿ ಎದ್ದುನಿಂತಿದ್ದಾನೆ, ಎಲ್ಲಿ ನಿಲ್ಲಬೇಕೋ ತಿಳಿಯದೆ, ಮೊದಲ ಸಾಲಿನಲ್ಲಿ ಐದನೇ ಅಂತಸ್ತಿನ ಆ ಹುಡುಗಿ ಕಿವಿಯಲ್ಲಿದ್ದುದನ್ನು ಕಿತ್ತು ತೆಗೆದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಮುಚ್ಚಿಕೋ ತಾಯಿ, ನಿನ್ನ ಅಳು ನನಗೆ ಬೇಕಾಗಿಲ್ಲ, ತಡವಾಯಿತು ನಿನ್ನ ಅಳು, ಡ್ರಮ್ಮಿನವನು ಹಿತ್ತಾಳೆಯ ತಟ್ಟೆಗೆ ಒಂದೇ ಏಟು ಹಾಕಿದ, ಟಿಂಗ್.

ಟಿಂಗ್, ಐದನೇ ಅಂತಸ್ತು, ಬಾಗಿಲು ತೆರೆದಿದೆ, ಮಾಲೆ, ರುಮಾಲು, ಮುಚ್ಚಿದ ಕಣ್ಣು, ಎಡಗೈಯಲ್ಲಿ ಲಿಂಗ, ಚಪ್ಪಲಿ ಸ್ಟ್ಯಾಂಡು, ಎಲ್ಲರೂ ನೋಡಿದರು, ಸಾಕಪ್ಪಾ, ನೋಡಿಸಿದ್ದಾಯಿತು, ನನ್ನ ಸಿಟ್ಟು ನನಗಿರಲಿ, ಅವರಿಗೆ ಬೇಡ, ಅವರು ಯಾರ ಮೇಲೂ ಸಿಟ್ಟಾದವರಲ್ಲ, ಶಿವನೇ, ಭಾಳ ಹೊತ್ತಾತು ಕೂತು, ಆ ಹಗ್ಗ ಸರಿಸು, ಆ ಬಾಗಿಲ ಮುಚ್ಚು, ಅವರನ್ನ ಸಮಾಧಾನದಿಂದ ಕೆಳಗಿಳಿಸು, ಶಾಂತಿ ಕೊಡು, ಶಾಂತಿ ಕೊಡು ನನ್ನಪ್ಪಾ, ಬಾಗಿಲ ಮುಚ್ಚು —