ನೂಲು ಸುತ್ತಿದ ಕಾಲ್ಬೆರಳು

ಬೆಳಿಗ್ಗೆ ಆರಕ್ಕೆಲ್ಲ ಹಾಸ್ಟೆಲ್ ಅಡುಗೆಮನೆಯ ನೆಲ ಒದ್ದೆಯಾಗಿಬಿಡುತ್ತಿತ್ತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಹಿಂದಿನ ದಿನದ ಪಾತ್ರೆ ಬೆಳಗಿದ ನೀರು ಎಲ್ಲ ಸೇರಿ ಮೋರಿಯ ಕಡೆಗೆ ನಿಧಾನವಾಗಿ ಹರಿಯುತ್ತಿದ್ದರೆ, ಅದರ ನಡುವೆ ಬರಿಗಾಲಲ್ಲಿ ನಿಂತು ಪಂಪಮ್ಮ ಎಂಬತ್ತು ಹುಡುಗಿಯರಿಗೆ ಉಪ್ಪಿಟ್ಟು ತಿರುವುತ್ತಿದ್ದಳು. ಒಲೆಯಿರುವ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಬಹುದು ಎಂಬ ಯೋಚನೆಯೇ ಅವಳಿಗೆ ಬಂದದ್ದಿಲ್ಲ. ಕೂಡ್ಲಿಗಿಯ ಆ ಹಾಸ್ಟೆಲ್ಲಿಗೆ ಅಡುಗೆಯವಳಾಗಿ ಸೇರಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ಅವಳ ಕಾಲು ನೀರಲ್ಲೇ ಇತ್ತು.

ಆ ದಿನ ಬೇಳೆಯ ಚೀಲವನ್ನು ಮೂಲೆಯಿಂದ ಎಳೆಯುವಾಗ ಬಲಗಾಲಿನ ಹೆಬ್ಬೆರಳ ಉಗುರು ಗೋಣಿಯ ಎಳೆಗೆ ಸಿಕ್ಕಿಕೊಂಡಿತು. ಕಾಲು ಕಿತ್ತುಕೊಂಡಳು. ಅರ್ಧ ಉಗುರು ಗೋಣಿಯಲ್ಲೇ ಉಳಿಯಿತು. ರಕ್ತ ಬರಲಿಲ್ಲ. ಉಗುರಿನಡಿಯಿಂದ ಜೋಳದ ಹಿಟ್ಟಿನಂಥ ಬಿಳಿ ಪುಡಿ ಉದುರಿತು. ಪಂಪಮ್ಮನಿಗೆ ನೋವಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಒಂದು ಚೊಂಬು ನೀರು ಸುರಿದು ಅದನ್ನು ಮೋರಿಗೆ ಕಳಿಸಿದಳು.

ಮೂರು ವರ್ಷದಿಂದ ಇದೇ ಕತೆ. ಮೊದಲು ಒಂದು ಉಗುರಿನ ತುದಿ ಹಳದಿಯಾಯಿತು. ಆಮೇಲೆ ದಪ್ಪವಾಯಿತು, ಒಳಗೊಳಗೇ ಟೊಳ್ಳಾಯಿತು, ಪಕ್ಕದ ಬೆರಳಿಗೂ ಹೋಯಿತು. ಬಣ್ಣ ಮುಚ್ಚಲಿ ಎಂದು ಮದರಂಗಿ ಹಚ್ಚಿದಳು. ಒಬ್ಬರು ನಿಂಬೆಹಣ್ಣಿಗೆ ಅಡುಗೆ ಸೋಡಾ ಸೇರಿಸಿ ತಿಕ್ಕು ಎಂದರು, ತಿಕ್ಕಿದಳು. ಇನ್ನೊಬ್ಬರು ಬೇವಿನೆಣ್ಣೆ ಎಂದರು, ಮನೆಯೆಲ್ಲ ನಾರುವ ಹಾಗೆ ಹಚ್ಚಿದಳು. ಸಂತೆಯಲ್ಲಿ ಬೇರು ಮಾರುವವನು ಏಳು ದಿನದಲ್ಲಿ ಉಗುರು ಕನ್ನಡಿಯಂತಾಗುತ್ತದೆ ಎಂದಿದ್ದ. ಎಂಟನೆಯ ದಿನ ಬೆರಳು ಸುಟ್ಟು ಬೊಬ್ಬೆಯೆದ್ದಿತು. ಉಳಿದದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಅಂಗಡಿಯ ಸಂಜೀವ ಕೊಡುತ್ತಿದ್ದ ಮುಲಾಮು.

"ಹೋದ ಸಲದ್ದು ಕೆಲಸ ಮಾಡ್ಲಿಲ್ಲೇನ್ರಿ ಅಕ್ಕಾರ? ಹಂಗಾರ ಇದು ತಗೋರಿ. ಇದು ಪವರ್ ಜಾಸ್ತಿ."

"ಹೋದ ಸಲನೂ ಹಿಂಗ ಅಂದಿದ್ದಿ."

"ಅದಕ್ಕಿಂತ ಜಾಸ್ತಿರಿ ಇದು."

ಹಚ್ಚಿದ ನಾಲ್ಕು ದಿನಕ್ಕೆ ಬೆರಳ ಸಂದಿಯ ಕೆರೆತ ನಿಲ್ಲುತ್ತಿತ್ತು. ಹದಿನೈದನೆಯ ದಿನಕ್ಕೆ ಎರಡರಷ್ಟಾಗಿ ಮರಳುತ್ತಿತ್ತು. ಮನೆಯ ಗೂಡಿನಲ್ಲಿ ಹಿಂಡಿ ಇಟ್ಟ ಟ್ಯೂಬುಗಳು ಒಂಬತ್ತಾಗಿದ್ದವು.

ಅರ್ಧ ಉಗುರು ಕಳೆದುಕೊಂಡ ಆ ವಾರ ಪಂಪಮ್ಮ ಒಂದು ದಿನ ರಜೆ ಹಾಕಿ ಕೊಟ್ಟೂರಿನ ಬಸ್ಸು ಹತ್ತಿದಳು. ಅಲ್ಲೊಂದು ಕ್ಲಿನಿಕ್ಕಿಗೆ ಗುರುವಾರಕ್ಕೊಮ್ಮೆ ಚರ್ಮದ ಡಾಕ್ಟರು ಬರುತ್ತಿದ್ದರು. ರೇಖಾ ಎಂದು ಹೆಸರು. ಪಂಪಮ್ಮನಷ್ಟೇ ವಯಸ್ಸಿನ ಹೆಂಗಸು. ಪಂಪಮ್ಮ ಚೀಲದಿಂದ ತೆಗೆದಿಟ್ಟ ಟ್ಯೂಬುಗಳನ್ನು ಡಾಕ್ಟರು ಒಂದೊಂದಾಗಿ ತಿರುಗಿಸಿ ಓದಿದರು.

"ಇವುಗಳಾಗ ಸ್ಟೆರಾಯ್ಡ್ ಐತ್ರಿ. ಅದು ಕೆರೆತ ಅಷ್ಟ ಮಲಗಸ್ತತಿ. ರೋಗ ಆರಾಮಾಗಿ ಒಳಗ ಬೆಳ್ಕೊಂತ ಹೋಗ್ತತಿ. ಉಪ್ಪಿನಕಾಯಿ ಮ್ಯಾಲ ಬೂಷ್ಟು ಬರ್ತತಲ್ರಿ, ನಿಮ್ಮ ಉಗುರಿಗೆ ಬಂದದ್ದೂ ಅದರ ಬಳಗದ್ದು. ಮ್ಯಾಲ ಹಚ್ಚಿದ್ದು ಇಷ್ಟು ದಪ್ಪ ಉಗುರಿನ ಕೆಳಗ ಇಳಿಯಂಗಿಲ್ಲ."

ಉಗುರಿನ ಪುಡಿಯನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಮುಂದಿನ ಗುರುವಾರ ಗುಳಿಗೆ ಬರೆದುಕೊಟ್ಟರು.

"ಎಷ್ಟು ದಿನಕ್ಕ ಹೋಗ್ತತ್ರಿ ಇದು?"

"ಗುಳಿಗಿ ಮೂರು ತಿಂಗಳು, ಒಂದು ದಿನನೂ ಬಿಡಂಗಿಲ್ಲ. ನಡುವ ರಕ್ತ ತೋರಿಸ್ಬೇಕು. ಉಗುರು ಪೂರ್ತಿ ಹೊಸದು ಬರಾಕ ಒಂದು ವರ್ಷ ಬೇಕು."

"ವರ್ಷ ಏನ್ರಿ!" ಪಂಪಮ್ಮನಿಗೆ ಅಳು ಬಂದಂತಾಯಿತು. ಇಷ್ಟು ದಿನ ಎಲ್ಲರೂ ಏಳು ದಿನ, ಹದಿನೈದು ದಿನ ಎಂದು ಆಸೆ ತೋರಿಸಿದ್ದರು. ಈಕೆ ಒಬ್ಬಳು ನಿಜ ಹೇಳಿದಳು, ಅದೂ ಇಂಥಾ ನಿಜ.

"ಕಾಲಿನ ಉಗುರು ಭಾಳ ಮೆಲ್ಲಕ ಬೆಳೀತತ್ರಿ. ಬುಡದಾಗ ಹೊಸದು ಚೊಲೋ ಬರಾಕತ್ತಿತಂದ್ರ ಗುಳಿಗಿ ಕೆಲಸ ಮಾಡಾಕತ್ತೇತಿ ಅಂತ ತಿಳೀರಿ. ಅಡಿಗಿಮನ್ಯಾಗ ಹಾಕ್ಕೊಳ್ಳಾಕ ಬ್ಯಾರೆ ರಬ್ಬರ್ ಚಪ್ಲಿ ಇಟ್ಕೋರಿ. ಮತ್ತ..." ಡಾಕ್ಟರು ಬಗ್ಗಿ ಅವಳ ಬಲಗಾಲಿನ ಎರಡನೆಯ ಬೆರಳನ್ನು ನೋಡಿದರು. ಬೆಳ್ಳಿಯ ಕಾಲುಂಗುರ ಊದಿದ ಬೆರಳಿನೊಳಗೆ ಹೂತುಹೋಗಿತ್ತು. ಅದರ ಅಂಚಿನ ಚರ್ಮ ನೀರಲ್ಲಿ ನೆನೆದ ಕಾಗದದಂತೆ ಬಿಳುಚಿ ಬಿರಿದಿತ್ತು. "ಇದನ್ನ ತೆಗೀಬೇಕ್ರಿ. ನೀರು, ಸೋಪು ಎಲ್ಲ ಇದರ ಕೆಳಗ ನಿಂತು ಕೊಳೀತಾವು. ಇಲ್ಲಿಂದ ಮತ್ತ ಉಗುರಿಗೆ ಹೋಗ್ತತಿ."

ಪಂಪಮ್ಮ ಆ ಉಂಗುರವನ್ನೊಮ್ಮೆ ನೋಡಿದಳು. ಕಾಲನ್ನು ಮೆಲ್ಲಗೆ ಸೀರೆಯೊಳಗೆ ಎಳೆದುಕೊಂಡಳು.

ಮನೆಯಲ್ಲಿ ಅತ್ತೆ ಕರಿಯಕ್ಕನಿಗೆ ಈ ವಿಷಯ ಹೇಳುವುದು ಬೇರೆ ಯಾರ ಅತ್ತೆಗೆ ಹೇಳುವುದಕ್ಕಿಂತಲೂ ಕಷ್ಟವಾಗಿತ್ತು. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡವಳು ಕರಿಯಕ್ಕ. ಓಣಿಯಲ್ಲಿ ಯಾರ ಮನೆಯ ಗಂಡಸು ಸತ್ತರೂ ಅವಳಿಗೆ ಕರೆ ಬರುತ್ತಿತ್ತು. ವರ್ಷಾನುಗಟ್ಟಲೆ ಬೆರಳಲ್ಲಿ ಕೂತು ಬಿಗಿದ ಕಾಲುಂಗುರವನ್ನು ಚರ್ಮಕ್ಕೆ ಗೀರೂ ಆಗದಂತೆ, ಬರಿ ನೂಲು ಸುತ್ತಿ ಬಿಡಿಸುವುದು ಅವಳೊಬ್ಬಳಿಗೇ ಗೊತ್ತಿತ್ತು. ಮದುವೆಯ ಮನೆಯಲ್ಲಿ ಬಾಗಿಲ ಹೊರಗೆ ಕೂರಿಸುತ್ತಿದ್ದ ಜನ, ಸಾವಿನ ಮನೆಯಲ್ಲಿ ಮಾತ್ರ ಅವಳಿಗೆ ದಾರಿ ಬಿಡುತ್ತಿದ್ದರು.

"ಬ್ಯಾಡ," ಎಂದಳು ಕರಿಯಕ್ಕ, ಮಾತು ಮುಗಿಯುವ ಮೊದಲೇ. "ನನ್ನ ಮಗ ಗಟ್ಟಿಮುಟ್ಟಾಗಿ ಅದಾನ. ಅವ ಇರಾಗ ನಿನ್ನ ಬೆರಳು ಬೋಳು ನೋಡಾಕ ನಾ ಒಲ್ಲೆ."

"ಡಾಕ್ಟ್ರು ಹೇಳ್ಯಾರ, ಅತ್ತಿ. ಒಂದು ವರ್ಷ ಅಷ್ಟ."

"ನಿನ್ನ ಮಗಳು ಕೋಮಲಿ ಹುಟ್ಟಿದಾಗ ನರ್ಸಮ್ಮ ಬಿಚ್ಚಿಸಿದ್ಲಲ್ಲ, ನಾಕ ದಿನ. ಐದನೇ ದಿನ ಏನಾತು? ಲಾರಿ ಪಲ್ಟಿ ಆತು. ನನ್ನ ಮಗನ ತೊಡ್ಯಾಗ ಇವತ್ತಿಗೂ ರಾಡ್ ಐತಿ. ನೀ ಮರ್ತಿರಬೇಕು, ನಾ ಮರ್ತಿಲ್ಲ."

ಪಂಪಮ್ಮ ಮರೆತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಬಾಣಂತಿ ಮಂಚದ ಮೇಲೆ ಆ ಸುದ್ದಿ ಕೇಳಿದಾಗ ಅವಳ ಕೈ ಮೊದಲು ಹೋದದ್ದೇ ಬರಿದಾದ ಬೆರಳಿಗೆ. ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು ನಿಜ. ಆದರೆ ಅತ್ತೆಯ ಭಯ ತನ್ನೊಳಗೂ ಇದೆಯಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು.

ಲಾರಿ ಡ್ರೈವರನಾದ ಗಂಡ ಮೌನೇಶನನ್ನು ಫೋನಿನಲ್ಲಿ ಕೇಳಿದರೆ ಅವನದೊಂದೇ ಮಾತು. "ನಂದೇನೈತಿ? ಅವ್ವನ್ನ ಕೇಳು."

"ನನ್ನ ಕಾಲು ಊರ ಮಂದಿ ಕಾಲಾಗೇತಿ ನೋಡ್ರಿ," ಎಂದು ಅವಳು ಫೋನಿಟ್ಟಳು.

ಹೀಗೆ ಬರೀ ಗುಳಿಗೆಯಲ್ಲೇ ಎರಡು ತಿಂಗಳು ಕಳೆಯಿತು. ಎಡಗಾಲಿನ ಉಂಗುರ ಸಡಿಲವಿತ್ತು. ಅದನ್ನು ಸರಿಸಿ ಸರಿಸಿ ಒಣಬಟ್ಟೆಯಿಂದ ಒರೆಸುತ್ತಿದ್ದಳು. ಆ ಕಾಲಿನ ಉಗುರುಗಳ ಬುಡದಲ್ಲಿ ಎಳೆಯ ಗುಲಾಬಿ ಬಣ್ಣ ಕಾಣಿಸಿಕೊಂಡಿತು. ಬಲಗಾಲು ಹಾಗೇ ಇತ್ತು. ಉಂಗುರದ ಅಡಿಯ ಬಿರುಕು ಇನ್ನಷ್ಟು ಬಾಯ್ತೆರೆದು, ಸಂಜೆ ಹೊತ್ತಿಗೆ ಕಾಲೂರಲು ಆಗುತ್ತಿರಲಿಲ್ಲ. ಡಾಕ್ಟರು ಈ ಸಲ ಸ್ವಲ್ಪ ಬಿಗಿಯಾಗಿಯೇ ಹೇಳಿದರು. "ಒಂದ ಗುಳಿಗಿ, ಎರಡು ಕಾಲು. ಒಂದು ಕಾಲು ಕೇಳಾಕತ್ತೇತಿ, ಒಂದು ಕೇಳವಲ್ದು. ಯಾಕಂತ ನಿಮಗ ಗೊತ್ತೈತಿ."

ಅದೇ ವಾರ ಮಗಳು ಕೋಮಲಾ ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದಳು. ಒಂಬತ್ತನೆಯ ತರಗತಿಯ ಹುಡುಗಿ. ಖೊಖೋ ಆಡಲು ತಾಲ್ಲೂಕು ತಂಡಕ್ಕೆ ಆರಿಸಿದ್ದರು, ಮನೆಯಲ್ಲಿ ಹದಿನೈದು ದಿನದಿಂದ ಅದೇ ಮಾತಾಗಿತ್ತು.

"ನಾ ಆಡಂಗಿಲ್ಲ."

"ಯಾಕಬೇ?" ಎಂದಳು ಕರಿಯಕ್ಕ.

"ಮಣ್ಣಾಗ ಬರಿಗಾಲಾಗ ಆಡ್ಬೇಕು. ನಾ ಸಾಕ್ಸ್ ಹಾಕ್ಕೊಂಡು ಜಾರಿ ಬೀಳಾಕತ್ತೀನಿ. ಬಿಚ್ಚು ಅಂತಾರ ಸರ್."

"ಬಿಚ್ಚಾಕ ಏನ್ ಧಾಡಿ ನಿನಗ?"

ಕೋಮಲಾ ಸಾಕ್ಸ್ ಕಿತ್ತೆಸೆದು ಕಾಲು ಚಾಚಿದಳು. ಹೆಬ್ಬೆರಳ ಉಗುರಿನ ಅಂಚಿನಲ್ಲಿ ಹಳದಿ ಗೆರೆ. "ಬಿಚ್ಚಿದ್ದೆ. 'ಅಡಿಗಿ ಆಂಟಿ ರೋಗ' ಅಂತ ಹಾಸ್ಟೆಲ್ ಹುಡುಗ್ಯಾರು ನಕ್ರು."

ಮನೆಗೆಲ್ಲ ಒಂದೇ ನೇಲ್ ಕಟರ್, ಬಚ್ಚಲ ಬಾಗಿಲಲ್ಲಿ ಎಲ್ಲರೂ ಕಾಲೊರೆಸುವ ಒಂದೇ ಗೋಣಿತಟ್ಟು, ಅವಸರಕ್ಕೆ ಯಾರ ಕಾಲಿಗೆ ಯಾರ ಚಪ್ಪಲಿಯಾದರೂ ನಡೆಯುತ್ತಿತ್ತು. ಪಂಪಮ್ಮ ಹಿಟ್ಟಿನ ಕೈಯಲ್ಲೇ ಬಂದು ಮಗಳ ಕಾಲನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ಇಷ್ಟು ವರ್ಷ ಅವಳು ಅತ್ತೆಯ ಎದುರು ದನಿ ಎತ್ತಿದವಳಲ್ಲ.

"ಮದರಂಗಿ ಹಚ್ಚು ಅಂದ್ರಿ, ಹಚ್ಚಿದೆ. ಬೇರು ಕಟ್ಟು ಅಂದ್ರಿ, ಕಟ್ಟಿದೆ. ಬೆರಳು ಸುಟ್ಕೊಂಡೆ. ಗುಳಿಗಿ ನುಂಗಾಕತ್ತೀನಿ. ಮೂರು ವರ್ಷಾತು ಅತ್ತಿ, ಒಬ್ಬರ ಮುಂದ ಕಾಲು ಚಾಚಿ ಕುಂತಿಲ್ಲ ನಾನು. ಸಾಕಾಗೇತಿ. ಇನ್ನ ನನ್ನ ಮಗಳೂ ಕಾಲು ಮುಚ್ಕೊಂಡ ಬದುಕಬೇಕೇನು?"

ಕರಿಯಕ್ಕ ಮೊಮ್ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಆ ಹಳದಿ ಗೆರೆಯ ಮೇಲೆ ಹೆಬ್ಬೆರಳಾಡಿಸಿದಳು. ಎರಡು ದಿನ ಅವಳ ಕಣ್ಣು ಆ ಕಾಲಿನ ಮೇಲೇ ಇತ್ತು.

ಭಾನುವಾರ ಮೌನೇಶ ಹರಪನಹಳ್ಳಿಯಿಂದ ಮೆಕ್ಕೆಜೋಳದ ಲೋಡು ಇಳಿಸಿ ಮನೆಗೆ ಬಂದ. ಅವನು ಕೈಕಾಲು ತೊಳೆಯುವಷ್ಟರಲ್ಲಿ ಕರಿಯಕ್ಕ ಅವನನ್ನು ಮತ್ತೆ ಓಡಿಸಿದಳು. "ಹೋಗು, ಖಾರಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಗೊಂಡ ಬಾ. ಜಾಸ್ತಿ ತಾ."

ಅವನು ಬಂದಾಗ ಪಡಸಾಲೆಯ ಬೆಳಕಿನಲ್ಲಿ ಚಾಪೆ ಹಾಸಿತ್ತು. ಕರಿಯಕ್ಕನ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು, ಬಿಳಿ ನೂಲಿನ ಉಂಡೆ. ಪಂಪಮ್ಮ ಗೋಡೆಗೆ ಒರಗಿ ಕೂತಿದ್ದಳು, ಮುಖ ಬಿಳುಚಿತ್ತು.

"ನೀ ಇಲ್ಲಿ ಕುಂದ್ರು. ಇಲ್ಲಿ, ನನ್ನ ಕಣ್ಣೆದುರಿಗೆ," ಎಂದಳು ಮಗನಿಗೆ. "ನಾ ಇದನ್ನ ಬಿಚ್ಚೋ ತನಕ ತಿನ್ಕೊಂತ ಇರಬೇಕು. ನಿಲ್ಲಸಂಗಿಲ್ಲ."

"ಏನಬೇ ಇದು, ನಾಟಕ ಮಾಡ್ದಂಗ!"

"ತಿನ್ನು ಅಂದ್ರ ತಿನ್ನು."

ಎಣ್ಣೆ ಹಚ್ಚಿ, ನೂಲಿನ ಒಂದು ತುದಿಯನ್ನು ಸೂಜಿಯ ಹಿಂಬದಿಯಿಂದ ಉಂಗುರದ ಅಡಿಗೆ ತೂರಿಸಿದಳು. ಇನ್ನೊಂದು ತುದಿಯನ್ನು ಬೆರಳಿಗೆ ಒತ್ತೊತ್ತಾಗಿ ಸುತ್ತುತ್ತ ಉಗುರಿನವರೆಗೆ ತಂದಳು. ಪಂಪಮ್ಮ ಹಲ್ಲು ಕಚ್ಚಿದಳು. ಈ ಕೈಗಳು ಎಷ್ಟೋ ಕಾಲು ಹಿಡಿದಿದ್ದವು. ಆ ಮನೆಗಳಲ್ಲೆಲ್ಲ ಎದುರಿಗೆ ಮಲಗಿಸಿರುತ್ತಿದ್ದವನು ಉಸಿರಾಡುತ್ತಿರಲಿಲ್ಲ. ಕರಿಯಕ್ಕ ನೂಲು ಹಿಡಿದೇ ಮಗನ ಕಡೆ ಕಿವಿಗೊಟ್ಟಳು.

"ಯಾಕ ಸುಮ್ಮನಾದಿ?" ಎಂದು ತಲೆಯೆತ್ತದೆ ಕೇಳಿದಳು.

"ತಿನ್ನಾಕತ್ತೀನಬೇ."

"ಸಪ್ಪಳ ಕೇಳವಲ್ದು."

ಮೌನೇಶ ಒಂದು ಹಿಡಿ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ಜೋರಾಗಿ ಅಗಿದ. ತಾಯಿಯ ಕೈಯನ್ನೇ ನೋಡುತ್ತಿದ್ದ. ನೂಲಿನ ಒಳತುದಿಯನ್ನು ಅವಳು ಬಿಚ್ಚತೊಡಗಿದಳು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಎಳ್ಳಿನಷ್ಟು ಮುಂದೆ ಸರಿಯುತ್ತಿತ್ತು. ಆಗ ಅವನು ಅಗಿಯುವುದನ್ನು ನಿಲ್ಲಿಸಿದ.

"ಯವ್ವ, ಅವತ್ತು ಲಾರಿ ಪಲ್ಟಿ ಆಗಿದ್ದು ಉಂಗುರಕ್ಕಲ್ಲಬೇ. ಎರಡು ದಿನ ನಿದ್ದಿ ಇಲ್ದ ಓಡ್ಸಿದ್ದೆ. ತೂಕಡಿಕಿ ಬಂತು."

ಕರಿಯಕ್ಕನ ಕೈ ಅಲ್ಲೇ ನಿಂತಿತು. "ಹದಿನಾಕು ವರ್ಷ ಯಾಕ ಬಾಯಿ ಬಿಡ್ಲಿಲ್ಲ?"

"ಮಾಲಕ ಕೆಲಸ ಬಿಡಸ್ತಾನ ಅಂತ ಎದುರಿಗೆ ದನ ಬಂತು ಅಂದೆ. ಆಮ್ಯಾಲ ನೀವೆಲ್ಲ ಉಂಗುರ, ಉಂಗುರ ಅಂದ್ರಿ. ನಾನೂ ಸುಮ್ಮನಾದೆ."

ಪಂಪಮ್ಮ ಗಂಡನ ಮುಖವನ್ನು ನೋಡಿದಳು. ಹದಿನಾಲ್ಕು ವರ್ಷ ಅವನು ಕುಂಟಿದ ಒಂದೊಂದು ಹೆಜ್ಜೆಯನ್ನೂ ಅವಳು ತನ್ನ ತಪ್ಪೆಂದು ಹೊತ್ತಿದ್ದಳು. ಚಕ್ಕನೆ ಬಗ್ಗಿ ಅವನ ಕೈಯಿಂದ ಮಂಡಕ್ಕಿಯ ಪೊಟ್ಟಣ ಕಸಿದುಕೊಂಡಳು.

"ಸಾಕು ತಿಂದಿದ್ದು."

"ಕೊಡವ್ವ ಅವಂಗ," ಎಂದಳು ಕರಿಯಕ್ಕ. ಮತ್ತೆ ನೂಲು ಹಿಡಿದಳು. "ಇನ್ನಾ ಬಿಚ್ಚೋದು ಐತಿ. ತಿನ್ಲಿ."

ಉಂಗುರ ಗೆಣ್ಣು ದಾಟಿತು, ಉಗುರು ದಾಟಿತು, ಚಾಪೆಯ ಮೇಲೆ ಬಿದ್ದಿತು. ಅದಿದ್ದ ಜಾಗ ಸತ್ತ ಮೀನಿನ ಹೊಟ್ಟೆಯಂತೆ ಬೆಳ್ಳಗಿತ್ತು. ಕರಿಯಕ್ಕ ಆ ಬೆರಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಮಗನ ಕಡೆ ಒಮ್ಮೆ ದಿಟ್ಟಿಸಿ ನೋಡಿದಳು. ಅವನು ಅಗಿಯುತ್ತಿದ್ದ. ಕಣ್ಣಲ್ಲಿ ನೀರಿತ್ತು, ಮೆಣಸಿನಕಾಯಿಯ ಖಾರಕ್ಕೋ ಏನೋ.

"ಆ ಕಾಲೂ ತಾ," ಎಂದಳು ಸೊಸೆಗೆ.

ಎರಡು ದಿನಕ್ಕೆ ಓಣಿಗೆಲ್ಲ ಸುದ್ದಿಯಾಯಿತು. ನಲ್ಲಿ ಬಂದ ಹೊತ್ತಿನಲ್ಲಿ ಎದುರುಮನೆಯ ಎರ್ರಮ್ಮ ಕೊಡ ಇಟ್ಟು, ಎಲ್ಲರಿಗೂ ಕೇಳುವಂತೆ ಕೇಳಿದಳು. "ಏನಬೇ ಕರಿಯಕ್ಕ, ಮಗ ಜೀವಂತ ಇರಾಗನ ಸೊಸಿ ಕಾಲು ಬೋಳು ಮಾಡಿಸ್ದಿಯಂತ?"

ಕರಿಯಕ್ಕ ತುಂಬಿದ ಕೊಡವನ್ನು ಪಕ್ಕಕ್ಕಿಟ್ಟಳು.

"ಮಾಡಿಸ್ಲಿಲ್ಲ, ನಾನ ಮಾಡಿದೆ. ಉಗುರಿಗೆ ರೋಗ ಐತಿ, ಗುಳಿಗಿ ನುಂಗಾಕತ್ಯಾಳ. ಮೊಮ್ಮಗಳಿಗೂ ತೋರಿಸ್ತೀವಿ. ನನ್ನ ಮಗ ನಿನ್ನೆ ಲೋಡ್ ತಗೊಂಡು ಹೋಗ್ಯಾನ. ಹೋಗಾಕ ಮುಂಚೆ ಎಂಟು ತಾಸು ಮಲಗಿಸೀನಿ." ಆಮೇಲೆ ಅವಳ ಕಣ್ಣು ಎರ್ರಮ್ಮನ ಕಾಲ ಕಡೆಗೆ ಇಳಿಯಿತು. "ಅದಿರ್ಲಿ, ನೀ ಯಾಕ ವರ್ಷ ಪೂರ್ತಿ ಕಾಲಿನ ಉಗುರಿಗೆ ಮದರಂಗಿ ಹಚ್ಕೊಂತಿ?"

ಎರ್ರಮ್ಮನ ಪಾದ ಮೆಲ್ಲಗೆ ಸೀರೆಯ ಅಂಚಿನೊಳಗೆ ಸರಿಯಿತು. ಆ ಸರಿಯುವಿಕೆ ಪಂಪಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ಅವಳು ಮಾಡಿದ್ದೂ ಅದನ್ನೇ. ನಗಬೇಕೆನಿಸಲಿಲ್ಲ. ತನ್ನ ಬರಿದಾದ ಕಾಲನ್ನು ಒಂದು ಹೆಜ್ಜೆ ಮುಂದಿಟ್ಟು, ನಲ್ಲಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಊರಿದಳು.

"ಗುರುವಾರ ನಾ, ಕೋಮಲಿ ಕೊಟ್ಟೂರಿಗೆ ಹೊಂಟೀವಿ, ಎರ್ರಮ್ಮಕ್ಕ," ಎಂದಳು.

ಎರ್ರಮ್ಮ ಕೊಡ ತುಂಬಿಸಿಕೊಂಡಳು. ಸಿಂಬಿ ಸರಿಮಾಡಿದಳು. ಕೊಡವನ್ನು ತಲೆಗೇರಿಸಿ ನಾಲ್ಕು ಹೆಜ್ಜೆ ಹೋದವಳು ತಿರುಗದೆಯೇ ನಿಂತಳು.

"ಎಷ್ಟೊತ್ತಿನ ಬಸ್ಸಿಗೆ?"